ಹಳದಿ ಅಂಚಿನ ಎಲೆ

ರಾಯದುರ್ಗ
9 ಜೂನ್ 2024

ಚಿಕ್ಕಮ್ಮನಿಗೆ ವಿದ್ಯಾಶ್ರೀಯ ನಮಸ್ಕಾರಗಳು.

ನೀನು ಕಳಿಸಿದ ಎಲೆ ಬಂತು. ಇವರ ಕಾರ್ಖಾನೆಯ ಜೀನ್ಸ್ ಮೂಟೆ ತುಂಬಿಕೊಳ್ಳಲು ಗಾಡಿ ತಂದಿದ್ದ ನಮ್ಮೂರಿನ ಮುತ್ತುರಾಜಣ್ಣ ಮೊದಲು ರಾಗಿಹಿಟ್ಟಿನ ಚೀಲ ಇಳಿಸಿ, ಆಮೇಲೆ ಸೀಟಿನ ಪಕ್ಕದಿಂದ ತೆಲುಗು ಪೇಪರಿನ ಸುರುಳಿಯೊಂದನ್ನು ತೆಗೆದುಕೊಟ್ಟ. "ಒಂದು ಎಲೆಗೆ ನಿಮ್ಮ ಚಿಕ್ಕಮ್ಮ ನನ್ನ ಕೈಲಿ ಆಣೆ ಇಡಿಸ್ಕಂಡವ್ರೆ ಕಣಮ್ಮ, ಮಡಚ್ಬಾರ್ದು, ಮೇಲೇನೂ ಇಡ್ಬಾರ್ದು ಅಂತ. ನನ್ನ ಮದುವೆ ಸೀರೆ ಪೆಟ್ಗೇನೂ ನಾನು ಹಿಂಗೆ ತರ್ಲಿಲ್ಲ" ಎಂದ.

ಸುರುಳಿ ಬಿಚ್ಚಿದಾಗ ನಮ್ಮೂರ ಮನೆಯ ಜಗಲಿಯ ಮೂಲೆಯೇ ಎದುರಿಗೆ ಬಂದಂತಾಯಿತು. ನಾನು ಓದಲು ಕೂರುತ್ತಿದ್ದ ಮಣೆಯ ಪಕ್ಕ ನಿಂತಿರುತ್ತಿತ್ತಲ್ಲ, ಅದೇ ಗಿಡ. ಇಲ್ಲಿನವರು ಸ್ನೇಕ್ ಪ್ಲಾಂಟ್ ಅನ್ನುತ್ತಾರೆ. ನೀನು ಇಟ್ಟ ಹೆಸರು ಕತ್ತಿಗಿಡ. ಮೊಳದುದ್ದದ ಎಲೆ, ನಡುವೆ ಹಸಿರು, ಎರಡೂ ಕಡೆ ಸೀರೆಗೆ ಹಾಕಿದ ಹಾಗೆ ಹಳದಿ ಅಂಚು. ಪೇಂಟ್ ಡಬ್ಬಿಗೆ ಮಣ್ಣು ತುಂಬಿ ನೆಟ್ಟಿದ್ದೇನೆ.

ಗಿಡ ಯಾಕೆ ಬೇಕಾಯಿತು ಎಂದು ನೀನು ಕೇಳಿದ್ದೆ. ಹೆರಿಗೆಯಾದಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ ಅವರು ನನ್ನ ಫೋನು ಕಸಿದು ಇವರ ಕೈಗೆ ಕೊಟ್ಟರು. "ಕಂಡದ್ದನ್ನೆಲ್ಲ ಹುಡುಕಿ ಓದಿ ತಲೆ ಕೆಡಿಸಿಕೊಂಡಿದ್ದೀರಿ. ಕೈಗೊಂದು ಕೆಲಸ ಮಾಡಿಕೊಳ್ಳಿ, ಒಂದು ಗಿಡವಾದರೂ ಬೆಳೆಸಿ" ಎಂದರು. ಹಾಗಾಗಿ ಗಿಡ, ಹಾಗಾಗಿ ಕಾಗದ. ಫೋನಿದ್ದರೂ ನಿನಗೆ ಕೇಳಿಸುವುದಿಲ್ಲವಲ್ಲ. ನಾನು ಹೇಳಿದ ಹತ್ತು ಮಾತನ್ನು ಚಿಕ್ಕಪ್ಪ "ಚೆನ್ನಾಗವ್ಳಂತೆ" ಎಂದು ಒಂದೇ ಮಾತಿಗೆ ಇಳಿಸಿ ನಿನಗೆ ಸನ್ನೆ ಮಾಡುತ್ತಾರೆ.

ಕೂಸು ಚೆನ್ನಾಗಿದ್ದಾಳೆ. ಗಾನವಿ ಎಂದು ಹೆಸರಿಟ್ಟೆವು. ನಾದಿನಿಯ ಆಯ್ಕೆ. ತೊಟ್ಟಿಲಿಗೆ ಹಾಕಿದ ದಿನ ಅವಳೇ ಬಾಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಕೂಸು ಕಣ್ಣು ಕೂಡ ಮಿಟುಕಿಸಲಿಲ್ಲ. ಎಲ್ಲರೂ ಎಷ್ಟು ಜಾಣೆ ಎಂದು ನಕ್ಕರು.

ಹುಟ್ಟಿದಾಗ ಬಳ್ಳಾರಿಯ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿದ್ದರು. ಎರಡು ಕಿವಿಯಲ್ಲೂ ಸರಿಯಾಗಿ ಬರಲಿಲ್ಲವಂತೆ. ಎಷ್ಟೋ ಕೂಸುಗಳಿಗೆ ಮೊದಲು ಹಾಗಾಗುತ್ತದೆ, ಮೂರು ತಿಂಗಳಿಗೆ ಇನ್ನೊಮ್ಮೆ ತನ್ನಿ ಎಂದಿದ್ದಾರೆ. ದೊಡ್ಡ ವಿಷಯವೇನಲ್ಲ.

ಅಂದಹಾಗೆ, ನಿನಗೆ ಚಿಕ್ಕಂದಿನಲ್ಲಿ ಜ್ವರ ಬಂದಿತ್ತು ಎಂದು ಅಜ್ಜಿ ಹೇಳುತ್ತಿದ್ದ ನೆನಪು. ಅದು ಹೌದೇ? ಸುಮ್ಮನೆ ಕೇಳಿದೆ.

ನಿನ್ನ
ವಿದ್ಯಾ


ರತ್ನಗಿರಿ
24 ಜೂನ್ 2024

ವಿದ್ಯಾಗೆ ಆಶೀರ್ವಾದ.

ಎಲೆ ಬಾಗದೆ ಬಂತಲ್ಲ, ಮುತ್ತುರಾಜನ ಆಣೆ ಗಟ್ಟಿ. ಗಿಡಕ್ಕೆ ದಿನಾ ನೀರು ಹಾಕು. ಬುಡಕ್ಕೆ ಎರಡು ಹಿಡಿ ಕೊಟ್ಟಿಗೆ ಗೊಬ್ಬರ ಹಾಕು. ಮಣ್ಣು ಒಣಗಲು ಬಿಡಬೇಡ. ಹಿಪ್ಪುನೇರಳೆ ಕಡ್ಡಿ ನೆಟ್ಟು ನೆಟ್ಟು ನನ್ನ ಉಗುರು ಸವೆದಿದೆ, ಅದು ಚಿಗುರಿದ ಮೇಲೆ ಇದು ಯಾವ ಲೆಕ್ಕ.

ಇಲ್ಲಿ ರೇಷ್ಮೆ ಹುಳುಗಳು ಮೂರನೇ ಜ್ವರಕ್ಕೆ ಕೂತಿವೆ. ಜ್ವರ ಅಂದರೆ ಸದ್ಯಕ್ಕೆ ನಮ್ಮ ಮನೆಯಲ್ಲಿ ಹುಳು ಪೊರೆ ಬಿಡುವುದೇ. ನಿನ್ನ ಚಿಕ್ಕಪ್ಪ ಸೊಪ್ಪು ತರಲು ಹೋದವರು ಅಗಳಿ ಬಸ್ಸಿನಲ್ಲಿ ಯಾರೋ ಸಿಕ್ಕರೆಂದು ಮಾತಾಡುತ್ತಾ ಕೂತು ಊರು ದಾಟಿ ಹೋಗಿದ್ದರು. ಕೇಳಿಸುವ ಕಿವಿ ಇದ್ದು ಏನು ಬಂತು, ಕಂಡಕ್ಟರ್ ಊರ ಹೆಸರು ಕೂಗಿದ್ದು ಕೇಳಿಸಿಲ್ಲ.

ಬೆಳ್ಳುಳ್ಳಿ ಹೆಚ್ಚಿಗೆ ತಿನ್ನು. ತಲೆಗೆ ಬಟ್ಟೆ ಕಟ್ಟಿಕೋ. ನೀನು ಬೇರೇನೋ ಕೇಳಿದ್ದೆ, ಇನ್ನೊಮ್ಮೆ ಬರೆಯುತ್ತೇನೆ, ಸೊಪ್ಪು ಹೆಚ್ಚುವ ಹೊತ್ತಾಯಿತು.

ಶಿವಲಕ್ಷ್ಮಿ


ರಾಯದುರ್ಗ
20 ಜುಲೈ 2024

ಚಿಕ್ಕಮ್ಮ,

ಎಲೆ ಕೊಳೆತುಹೋಯಿತು. ದಿನಾ ನೀರು ಹಾಕಿದೆ, ನೀನು ಹೇಳಿದಷ್ಟೇ ಗೊಬ್ಬರವನ್ನೂ ಹಾಕಿದೆ. ನಿನ್ನೆ ಮುಟ್ಟಿದರೆ ಬುಡ ಬೇಯಿಸಿದ ಸೊಪ್ಪಿನ ಹಾಗೆ ಕೈಗೆ ಬಂತು, ನಾರುತ್ತಿತ್ತು. ಡಬ್ಬಿ ಹಿಡಿದುಕೊಂಡು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಓಡಿ ಬಂದರು.

"ಯಾಕವಾ, ಏನಾತು? ಕೂಸಿಗೇನಾತು?"

"ಎಲೆ ಕೊಳೆತೋಯ್ತು ಅತ್ತೆ."

"ಎಲೀನಾ! ನನ್ನ ಎದಿ ಒಡೀತಿತ್ತಲ್ಲವಾ. ಒಂದು ಎಲಿಗೆ ಹಿಂಗ ಅಳ್ತಾರೇನು? ಬಾಳಿ ಎಲಿ ತಂದು ಕೊಡ್ಲೇನು, ಉಣ್ಣಾಕಾದ್ರೂ ಬರ್ತೈತಿ."

ಎಲೆಗಾಗಿ ಅತ್ತದ್ದಲ್ಲ ಚಿಕ್ಕಮ್ಮ. ಗಾನವಿಗೆ ಸದ್ದಿನ ಕಡೆ ಗಮನವೇ ಇಲ್ಲ. ಮಲಗಿದ್ದಾಗ ನಾನು ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತೇನೆ. ಡಬ್ಬದ ಮುಚ್ಚಳ ಬೀಳಿಸುತ್ತೇನೆ. ಮೊನ್ನೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಹೊಡೆದೆ. ಅಡುಗೆಮನೆಯಿಂದ ಅತ್ತೆ, "ಯಾಕವಾ, ಗ್ರಹಣ ಹಿಡದೈತೇನು?" ಎಂದು ಕೂಗಿದರು. ಕೆಳಗೆ ಇವರ ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಡುವವರೂ ತಲೆ ಎತ್ತಿ ನೋಡಿದರಂತೆ. ಕೂಸು ಮಾತ್ರ ತುಟಿ ಚಪ್ಪರಿಸಿ ಇನ್ನಷ್ಟು ಗಾಢವಾಗಿ ನಿದ್ದೆಹೋದಳು.

ಅವಳು ಮಲಗಿದರೆ ನಾನು ಕಾಯುತ್ತಾ ಕೂರುತ್ತೇನೆ, ಯಾವುದಾದರೂ ಸದ್ದಿಗೆ ಬೆಚ್ಚಲಿ ಎಂದು. ಎದ್ದರೆ ಮತ್ತೆ ಮಲಗಲಿ, ಇನ್ನೊಂದು ಸಲ ನೋಡೋಣ ಎಂದು. ಹೆಸರು ಹಿಡಿದು ಕೂಗಲು ಹೆದರಿಕೆ. ಕೂಗಿ, ಅವಳು ತಿರುಗದಿದ್ದರೆ?

ಇವರಿಗೆ ಹೇಳಿದರೆ, "ಡಾಕ್ಟರ್ ಹೇಳ್ಯಾರಲ್ಲ, ಮೂರು ತಿಂಗಳಾಗ್ಲಿ" ಅನ್ನುತ್ತಾರೆ. ಹೋದರೆ ಗೊತ್ತಾಗಿಬಿಡುತ್ತದಲ್ಲ ಎಂದು ನನಗೆ ಹೋಗಲೂ ಭಯ.

ಒಂದು ಮಾತು. ಅಮ್ಮನ ಕಡೆಯವರಲ್ಲಿ, ನಿನ್ನನ್ನು ಬಿಟ್ಟು, ಬೇರೆ ಯಾರಿಗಾದರೂ ಕೇಳಿಸದೆ ಇದ್ದದ್ದು ಉಂಟೇ? ಜ್ವರದ ವಿಷಯ ನೀನು ಬರೆಯಲೇ ಇಲ್ಲ.

ಆದರೆ ಇನ್ನೊಂದು ಎಲೆ ಕಳಿಸು.

ವಿದ್ಯಾ


ರತ್ನಗಿರಿ
31 ಜುಲೈ 2024

ವಿದ್ಯಾ,

ಕೇಳುವುದನ್ನು ನೆಟ್ಟಗೆ ಕೇಳು. ಮಗು ನನ್ನ ಹಾಗೆ ಆಗುತ್ತಾಳೇನೋ ಎಂದು ತಾನೇ ನಿನ್ನ ಭಯ? ಇದನ್ನು ಬರೆಯಲು ಎರಡು ಕಾಗದ ಬೇಕಾಯಿತು ನಿನಗೆ. ಮೊದಲ ಕಾಗದದಲ್ಲೇ ನನಗೆ ಅರ್ಥವಾಗಿತ್ತು. ಹೇಳಿಬಿಡೋಣವೆಂದು ಕೂತರೆ ಕೈ ಬರಲಿಲ್ಲ, ಹುಳುವಿನ ಸುದ್ದಿ ಬರೆದು ಮುಗಿಸಿದೆ.

ಈಗ ಓದು. ನಾನು ಹುಟ್ಟುತ್ತಲೇ ಹೀಗಿರಲಿಲ್ಲ. ಆರು ವರ್ಷಕ್ಕೆ ಮಿದುಳು ಜ್ವರ ಬಂತು, ಮಡಕಶಿರಾ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದೆ. ಎದ್ದಾಗ ನಿಮ್ಮಮ್ಮ ಪಕ್ಕದಲ್ಲಿ ಕೂತು ಬಾಯಿ ಆಡಿಸುತ್ತಿದ್ದಳು. ಅಕ್ಕ ಏನೋ ತಿನ್ನುತ್ತಿದ್ದಾಳೆ, ನನಗೆ ಕೊಡುತ್ತಿಲ್ಲ ಅಂದುಕೊಂಡು ಸಿಟ್ಟು ಮಾಡಿಕೊಂಡೆ. ಮಾತಾಡುತ್ತಿದ್ದಳು ಎಂದು ಗೊತ್ತಾಗಿದ್ದು ಆಮೇಲೆ. ನಮ್ಮ ವಂಶದಲ್ಲಿ ಬೇರೆ ಯಾರಿಗೂ ಇಲ್ಲ. ಸಮಾಧಾನವಾಯಿತಾ? ಆಗಲಿ.

ಆದರೆ ಇದನ್ನೂ ಓದು. ನಿಮ್ಮಮ್ಮ ಹೋದಾಗ ನೀನು ಇನ್ನೂ ತೊಟ್ಟಿಲ ಮಗು. ಕೇಳಿಸದವಳು ಮಗು ಹೇಗೆ ಸಾಕುತ್ತಾಳೆ ಎಂದು ಊರೇ ಬಂದು ಹೇಳಿತು. ನಾನು ತೊಟ್ಟಿಲಿಗೆ ಒಂದು ಹಗ್ಗ ಕಟ್ಟಿ ಇನ್ನೊಂದು ತುದಿ ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ನೀನು ಕಾಲು ಒದೆಯುವುದು ಮೊದಲು, ಅಳುವುದು ಆಮೇಲೆ. ಹಗ್ಗ ಎಳೆದರೆ ನನಗೆ ಎಚ್ಚರ. ನೀನು ಬಾಯಿ ತೆಗೆಯುವುದರೊಳಗೆ ನಾನು ಎತ್ತಿಕೊಂಡಿರುತ್ತಿದ್ದೆ. ಕೇಳಿಸುವ ನಿನ್ನ ಚಿಕ್ಕಪ್ಪ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು. ಅಳು ಗೊತ್ತಿಲ್ಲದ ಮಗು ಎಂದು ಊರವರು ನಿನ್ನನ್ನು ಹೊಗಳಿದರು. ನನ್ನನ್ನು ಯಾರೂ ಹೊಗಳಲಿಲ್ಲ, ಇರಲಿ.

ಮಗುವಿಗೆ ಕೇಳಿಸಲಿ ಎಂದು ನಾನೂ ದಿನಾ ದೀಪ ಹಚ್ಚಿ ಬೇಡುತ್ತಿದ್ದೇನೆ. ಕೇಳಿಸದಿದ್ದರೆ, ಆಗ ನನ್ನ ಹಾಗೆ ಆಗುತ್ತಾಳೆ. ಅಷ್ಟೇ. ಸೊಪ್ಪು ಕೊಯ್ಯುತ್ತೇನೆ, ಲೆಕ್ಕ ನೋಡುತ್ತೇನೆ, ಜಗಳ ಆಡುತ್ತೇನೆ, ನಗುತ್ತೇನೆ. ಇದು ಗ್ರಹಣವಲ್ಲ.

ನಾನು ನಿಮ್ಮಿಬ್ಬರನ್ನು ಬಾಣಂತನಕ್ಕೆ ಕರೆತರಲು ಆಸ್ಪತ್ರೆಗೆ ಬಂದ ದಿನ ನಿಮ್ಮ ಅತ್ತೆಯವರು ಕಿಟಕಿ ಕಡೆ ತಿರುಗಿ ಏನೋ ಹೇಳಿದರು. ಕಿಟಕಿ ಗಾಜಿನಲ್ಲಿ ಅವರ ತುಟಿ ಕಂಡಿತು. "ಕೂಸು ರಾತ್ರಿ ಅತ್ತರ ಇವರಿಗೆ ಹೆಂಗ ಗೊತ್ತಾಗಬೇಕು?" ನೀನು ತಲೆ ತಗ್ಗಿಸಿದೆ. ನಾನೊಬ್ಬಳೇ ಮಡಕಶಿರಾ ಬಸ್ಸು ಹತ್ತಿದೆ. ಅವರ ಮೇಲೆ ಸಿಟ್ಟಿಲ್ಲ, ಹಗ್ಗದ ವಿಷಯ ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಎರಡು ಎಲೆ ಕಳಿಸಿದ್ದೇನೆ. ಮೊದಲನೆಯದು ಕೊಳೆತದ್ದು ನನ್ನ ತಪ್ಪು. ರೊಳ್ಳದ ನರ್ಸರಿಯವನನ್ನು ಕೇಳಿದೆ, ಬಿದ್ದು ಬಿದ್ದು ನಕ್ಕ. ಕೊಯ್ದ ಬಾಯಿ ಒಣಗುವವರೆಗೆ ನೆರಳಿನಲ್ಲಿ ಇಡಬೇಕಂತೆ, ಮರಳು ಬೆರೆಸಬೇಕಂತೆ, ನೀರು ಅಪರೂಪಕ್ಕೆ ಹಾಕಬೇಕಂತೆ. ಗೊಬ್ಬರ ಬೇಡವೇ ಬೇಡ. ಹಿಪ್ಪುನೇರಳೆ ಬುದ್ಧಿ ಇದಕ್ಕೆ ನಡೆಯುವುದಿಲ್ಲ.

ಮೂರು ತಿಂಗಳು ತುಂಬುತ್ತಿದೆ. ಬಳ್ಳಾರಿಗೆ ಹೋಗು.

ಶಿವಲಕ್ಷ್ಮಿ


ರತ್ನಗಿರಿ
15 ಸೆಪ್ಟೆಂಬರ್ 2024

ವಿದ್ಯಾ,

ಎರಡು ಬೆಳೆ ಗೂಡು ಬಿಡಿಸಿದೆವು, ನಿನ್ನ ಕಾಗದ ಬರಲಿಲ್ಲ. ಹೆಚ್ಚಿಗೆ ಬರೆದುಬಿಟ್ಟೆನೇನೋ. ಚಿಕ್ಕಪ್ಪ ಫೋನು ಮಾಡಿ "ಚೆನ್ನಾಗವ್ರಂತೆ" ಎಂದು ಎಂದಿನ ಹಾಗೆ ಸನ್ನೆ ಮಾಡಿದರು. ಅದನ್ನು ನಂಬಿದರೆ ನಾನು ಬದುಕಿದ ಹಾಗೇ.

ಬಳ್ಳಾರಿಯಲ್ಲಿ ಏನೆಂದರು? ಏನಂದಿದ್ದರೂ ಬರೆ. ಎಲೆ ಹೋದರೆ ಹೋಗಲಿ, ಇಲ್ಲಿ ಗಿಡ ಇದೆ.

ಚಿಕ್ಕಮ್ಮ


ರಾಯದುರ್ಗ
6 ಅಕ್ಟೋಬರ್ 2024

ನನ್ನ ಚಿಕ್ಕಮ್ಮ,

ಕೇಳಿಸುತ್ತದೆ. ಎರಡೂ ಕಿವಿ. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ನಿನ್ನ ಕಾಗದ ಓದಿ ನನಗೆ ಬೇಜಾರಾಗಲಿಲ್ಲ, ನಾಚಿಕೆಯಾಯಿತು. ಬಳ್ಳಾರಿಗೆ ಹೋಗಿ ಬಂದೇ ಉತ್ತರ ಬರೆಯೋಣವೆಂದು ಕೂತೆ. ಹೋಗುವ ಧೈರ್ಯ ಬರಲಿಲ್ಲ. ಕೂಸಿಗೆ ನೆಗಡಿ, ಇವರಿಗೆ ಆರ್ಡರ್ ಮುಗಿಸುವ ಅವಸರ, ಹೀಗೆ ಒಂದೊಂದು ವಾರ ಒಂದೊಂದು ನೆಪ.

ಈ ನಡುವೆ ನಿನ್ನ ಎಲೆಗಳಿಗೂ ನೆಮ್ಮದಿ ಕೊಡಲಿಲ್ಲ. ಬೇರು ಬಂತೇ ಎಂದು ದಿನಾ ಕಿತ್ತು ನೋಡುತ್ತಿದ್ದೆ. ಒಂದು ದಿನ ಬಿಳಿ ದಾರದಂಥದ್ದೊಂದು ಬಂದಿತ್ತು, ಖುಷಿಯಲ್ಲಿ ಮಣ್ಣಿಗೆ ಒತ್ತಿದೆ, ಮುರಿಯಿತು. ಆ ಎಲೆ ಹೋಯಿತು. ಅತ್ತೆ ನೋಡಿದರು. ಉಳಿದ ಎಲೆಯ ಡಬ್ಬಿಯನ್ನು ಎತ್ತಿ, ನನ್ನ ಕೈಗೆ ಎಟುಕದ ಸಜ್ಜದ ಮೇಲೆ ಕಿಟಕಿಯ ಬೆಳಕಿಗೆ ಇಟ್ಟರು. "ಅದನ್ನ ಮುಟ್ಟಬ್ಯಾಡ. ಕೂಸಿನ ಮುಂದ ತಟ್ಟಿ ಬಡೀಬ್ಯಾಡ. ಎರಡಕ್ಕೂ ಒಂದಿಷ್ಟು ಉಸುರು ಬಿಡಾಕ ಬಿಡು" ಎಂದರು.

ಕಳೆದ ವಾರ ಮಧ್ಯಾಹ್ನ. ಗಾನವಿ ತೊಟ್ಟಿಲಲ್ಲಿ ಮಲಗಿದ್ದಳು. ಕೆಳಗೆ ಸಾಲು ಮಷಿನ್‌ಗಳು ಎಂದಿನಂತೆ ಒದರುತ್ತಿದ್ದವು. ನಮ್ಮ ಮನೆಯ ನೆಲವೇ ಬೆಳಗಿನಿಂದ ಸಂಜೆಯವರೆಗೆ ಗುಂಯ್‌ಗುಡುತ್ತದೆ, ನಮಗೆ ಅದು ಸದ್ದೆಂದೇ ಅನ್ನಿಸುವುದಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಎಲ್ಲ ಮಷಿನ್ ಒಟ್ಟಿಗೆ ನಿಂತವು. ಕೂಸು ಎರಡೂ ಕೈ ಎತ್ತಿ ಬೆಚ್ಚಿ ಬಿದ್ದು ಚೀರಿದಳು. ಎತ್ತಿಕೊಂಡರೂ ಸುಮ್ಮನಾಗಲಿಲ್ಲ. ಕರೆಂಟು ಬಂದು ಮಷಿನ್ ಶುರುವಾದವು. ನನ್ನ ಹೆಗಲ ಮೇಲೆ ಹಾಗೇ ಕಣ್ಣು ಮುಚ್ಚಿದಳು.

ಆಗ ನನಗೆ ಹೊಳೆಯಿತು. ಕರೆಂಟು ಹೋದಾಗಲೆಲ್ಲ ಅವಳು ಎದ್ದು ಅಳುತ್ತಿದ್ದಳು ಚಿಕ್ಕಮ್ಮ! ಫ್ಯಾನ್ ನಿಂತು ಸೆಖೆಯಾಯಿತೇನೋ ಎಂದೇ ನಾನು ಇಷ್ಟು ದಿನ ಬೀಸಣಿಗೆ ಹುಡುಕುತ್ತಿದ್ದೆ.

ಬಿ.ಎಸ್ಸಿ. ಓದಿದ್ದು ಇದೊಂದಕ್ಕಾದರೂ ಬರಲಿ ಎಂದು ಕೆಳಗೆ ಓಡಿದೆ. ಕಾರ್ಖಾನೆಯ ಮೀಟರ್ ಬೇರೆ, ಮನೆಯದು ಬೇರೆ. "ರೀ, ನಿಮ್ಮ ಮೇನ್ ಸ್ವಿಚ್ ಮಾತ್ರ ಆಫ್ ಮಾಡಿ. ಮೇಲೆ ಫ್ಯಾನ್ ತಿರುಗುತ್ತಲೇ ಇರಬೇಕು" ಎಂದೆ. ಇವರು ನನ್ನ ಮುಖ ನೋಡಿದರು. "ಲೋಡು ಸಂಜಿಗೆ ಹೋಗಬೇಕು ಮಾರಾಯ್ತಿ" ಎಂದರು. ಆದರೂ ಕೂಸು ಗಾಢ ನಿದ್ದೆಗೆ ಜಾರುವವರೆಗೆ ಕಾದು ಆಫ್ ಮಾಡಿದರು.

ಫ್ಯಾನ್ ತಿರುಗುತ್ತಿತ್ತು. ಕೂಸು ಬೆಚ್ಚಿದಳು, ಕಣ್ಣು ತೆರೆದಳು, ಅಳು.

"ಆನ್!" ಎಂದು ಮೆಟ್ಟಿಲ ಮೇಲಿಂದ ಕೂಗಿದೆ. ನಿದ್ದೆ ಹೋದ ಮೇಲೆ ಮತ್ತೆ ಆಫ್. ಮತ್ತೆ ಅಳು. ಮೂರನೇ ಸಲಕ್ಕೆ ಕೆಳಗಿನಿಂದ ಜ್ಯೋತಿಯೆಂಬ ಹುಡುಗಿ, "ಅಕ್ಕಾರ, ಕೂಸಿಗೆ ಕೇಳಸ್ತೈತಿ ಅಂತ ನಮಗೆಲ್ಲಾ ಗೊತ್ತಾತ್ರಿ, ಇನ್ನ ಹೊಲಿಯಾಕ ಬಿಡ್ರಿ!" ಎಂದು ಕೂಗಿದಳು. ಇವರು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣೊರೆಸಿಕೊಂಡರಂತೆ. ಅವರಿಗೂ ಅಷ್ಟು ಭಯವಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಸದ್ದಿನೊಳಗೇ ಬೆಳೆದ ಕೂಸಿಗೆ ನಾನು ಸದ್ದು ಮಾಡಿ ಪರೀಕ್ಷೆ ಮಾಡುತ್ತಿದ್ದೆ. ಅವಳಿಗೆ ತಟ್ಟೆ, ಸೌಟು ಎಲ್ಲ ಮಷಿನ್ನಿನ ನೆಂಟರೇ. ಅವಳನ್ನು ಹೆದರಿಸುವುದು ಇದ್ದಕ್ಕಿದ್ದಂತೆ ಬೀಳುವ ನಿಶ್ಶಬ್ದ.

ಮರುದಿನವೇ ಬಳ್ಳಾರಿ. ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು, ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಸರಿಯಿದೆ, ಹುಟ್ಟಿದಾಗ ಒಳಗೆ ನೀರು ಉಳಿದಿದ್ದಿರಬೇಕು ಎಂದರು. ನಾನು ಮೂರು ಸಲ ಕೇಳಿದೆ, ಮೂರು ಸಲವೂ ನಗುತ್ತಲೇ ಹೇಳಿದರು. ಬಸ್ಸಿನಲ್ಲಿ ಕೂತ ತಕ್ಷಣ ನನಗೆ ನಿದ್ದೆ. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇವರು ಅಲ್ಲಾಡಿಸಿ ಎಬ್ಬಿಸಿದರು.

ನಿನ್ನ ವಿದ್ಯಾ

ಕೊನೆಗೊಂದು: ಅವತ್ತು ಆಸ್ಪತ್ರೆಯ ಕಿಟಕಿಯ ಹತ್ತಿರ ನಾನು ಹಗ್ಗದ ಮಾತು ಹೇಳಬೇಕಿತ್ತು. ನಿನ್ನೆ ಹೇಳಿದೆ. ಅತ್ತೆ ಎದ್ದು ಹೋಗಿ ನನ್ನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಬಂದರು.


ರಾಯದುರ್ಗ
18 ಡಿಸೆಂಬರ್ 2024

ಚಿಕ್ಕಮ್ಮ,

ಸಜ್ಜದ ಮೇಲಿನ ಡಬ್ಬಿಯಲ್ಲಿ ಮರಿ ಬಂದಿದೆ. ಅತ್ತೆ ಧೂಳು ಹೊಡೆಯಲು ಸ್ಟೂಲು ಹತ್ತಿದವರು ಅಲ್ಲಿಂದಲೇ, "ಬಾರವಾ, ನಿಮ್ಮ ಚಿಕ್ಕಮ್ಮಾರ ಕತ್ತಿ ಕೂಸು ಹಡದೈತಿ" ಎಂದರು. ಎಲೆಯ ಬುಡದ ಪಕ್ಕ, ಮಣ್ಣು ಸೀಳಿಕೊಂಡು, ಬೆರಳಿನಷ್ಟು ಗಟ್ಟಿಯಾದ ಮೊಳಕೆ. ಕೀಳಲಿಲ್ಲ, ನಿನ್ನಾಣೆ. ಮುಟ್ಟಿಯೂ ಇಲ್ಲ.

ಆದರೆ ಅದಕ್ಕೆ ಅಂಚಿಲ್ಲ. ತಾಯಿ ಎಲೆಗೆ ಅಷ್ಟು ಚೆಂದದ ಹಳದಿ, ಮರಿಗೆ ಬರೀ ಹಸಿರು. ಎಲ್ಲಿ ತಪ್ಪಿತು? ಬಿಸಿಲು ಸಾಲಲಿಲ್ಲವೇ? ನಿನ್ನ ಹಾಗೆ ಆಗದಿರಲಿ ಎಂದು ಐದು ತಿಂಗಳು ಹೆದರಿದವಳು ನಾನು, ಈಗ ಒಂದು ಗಿಡ ನಿನ್ನ ಗಿಡದ ಹಾಗೆ ಇಲ್ಲವೆಂದು ಸ್ಟೂಲಿನ ಮೇಲೆ ನಿಂತು ಬೇಜಾರು ಮಾಡಿಕೊಂಡೆ.

ಗಾನವಿಯ ನಗು ನೀನು ನೋಡಬೇಕು. ಬಾಯಿ ತುಂಬ, ಸದ್ದಿಲ್ಲದೆ, ಭುಜ ಕುಣಿಸಿ. ಹಾಗೆ ನಗುವವರು ನಮ್ಮಲ್ಲಿ ಯಾರೆಂದು ನಿನಗೆ ಗೊತ್ತು.

ಇನ್ನೊಂದು ಸಂಗತಿ. ಅತ್ತೆ ಎರಡು ವಾರದಿಂದ ಕೆಳಗಿನಿಂದ ಜೀನ್ಸ್ ಬಟ್ಟೆಯ ಅಂಚಿನ ಪಟ್ಟಿಗಳನ್ನು ತಂದು ಜಡೆ ಹೆಣೆಯುವ ಹಾಗೆ ಹೆಣೆಯುತ್ತಿದ್ದರು. ಕಾಲೊರಸು ಇರಬೇಕು ಅಂದುಕೊಂಡಿದ್ದೆ. ನಿನ್ನೆ ಮುಗಿಸಿ ನನ್ನ ಮಡಿಲಿಗೆ ಹಾಕಿದರು. ಉದ್ದನೆಯ ಹಗ್ಗ, ಒಂದು ತುದಿಯಲ್ಲಿ ಕೈ ತೂರಿಸುವಷ್ಟು ಅಗಲದ ಕುಣಿಕೆ, ಒಳಗೆ ಹತ್ತಿಬಟ್ಟೆಯ ಪದರ.

"ನಿಮ್ಮ ಚಿಕ್ಕಮ್ಮಾರಿಗೆ. ಆ ನಾರಿನ ಹಗ್ಗ ಕೈ ಕೊರೀತೈತಿ. ಸಂಕ್ರಾಂತಿ ಮುಗಿಸ್ಕೊಂಡು ಕೂಸಿನ ಕರ್ಕೊಂಡು ಹೋಗಿ ಒಂದು ತಿಂಗಳು ಇದ್ದು ಬಾ. ಬಿಡಾಕ ನಾನೂ ಬರ್ತೀನಿ, ನಿಮ್ಮೂರ ಗುಡ್ಡದ ಕೋಟಿ ನೋಡಿಲ್ಲ" ಎಂದರು. ಆಮೇಲೆ, "ಅವರಿಗೆ ಬರದು ಹೇಳು, ಕಿಟಕಿ ಕಡೆ ತಿರುಗಿ ಮಾತಾಡಂಗಿಲ್ಲ ಅಂತ" ಎಂದರು.

ಹಗ್ಗ ನಿನ್ನದು. ಆದರೂ ನಿನ್ನೆ ರಾತ್ರಿ ನಾನೇ ಕಟ್ಟಿಕೊಂಡು ಮಲಗಿದೆ. ಅವಳು ಒದ್ದಾಗ ಎಳೆಯಿತು, ಎದ್ದೆ, ಹಾಲು ಕೊಟ್ಟೆ, ಮತ್ತೆ ಮಲಗಿದೆ. ನಡುವೆ ಒಮ್ಮೆಯೂ ಎದ್ದು ನೋಡಲಿಲ್ಲ.

ವಿದ್ಯಾ


ರತ್ನಗಿರಿ
29 ಡಿಸೆಂಬರ್ 2024

ವಿದ್ಯಾಗೆ, ಗಾನವಿಗೆ, ನಿಮ್ಮ ಅತ್ತೆಯವರಿಗೆ,

ಬನ್ನಿ. ಹುಳುವಿನ ಮನೆಗೆ ಸುಣ್ಣ ಹೊಡೆಸಿದ್ದೇನೆ. ಆ ಹೊತ್ತಿಗೆ ಹುಳುಗಳು ಸೊಪ್ಪು ತಿನ್ನುತ್ತಿರುತ್ತವೆ. ಮಳೆ ಹೊಯ್ದ ಹಾಗೆ ಸದ್ದಂತೆ, ನಿನ್ನ ಚಿಕ್ಕಪ್ಪ ಹೇಳುತ್ತಾರೆ. ಮಗುವನ್ನು ಅಲ್ಲೇ ಮಲಗಿಸೋಣ, ಸದ್ದಿಲ್ಲದಿದ್ದರೆ ಹೆದರುತ್ತಾಳಲ್ಲ.

ನರ್ಸರಿಯವನನ್ನು ಮತ್ತೆ ಕೇಳಿದೆ, ಮತ್ತೆ ನಕ್ಕ. ಎಲೆ ನೆಟ್ಟರೆ ಅಂಚು ಬರುವುದೇ ಇಲ್ಲವಂತೆ. ಯಾರ ತಪ್ಪೂ ಅಲ್ಲ. ಅದು ತನ್ನ ಪಾಡಿಗೆ ಹಸಿರಾಗಿ ಬೆಳೆಯುತ್ತದೆ, ಬೆಳೆಯಲಿ. ಅಂಚು ಬೇಕೇ ಬೇಕಿದ್ದರೆ ತಾಯಿಗಿಡದ ಬುಡವನ್ನೇ ಒಡೆದು, ಬೇರು ಸಮೇತ ಪಾಲು ತೆಗೆದುಕೊಳ್ಳಬೇಕಂತೆ. ಅದಕ್ಕೆ ನೀನೇ ಬರಬೇಕು, ಮುತ್ತುರಾಜನ ಕೈಲಿ ಆಗುವುದಿಲ್ಲ.

ನಿನ್ನ ಅತ್ತೆಯವರಿಗೆ ಹೇಳು, ಕುಣಿಕೆ ಸರಿಯಾಗಿದ್ದೀತು. ಆದರೆ ಹಗ್ಗ ಇನ್ನು ಎರಡು ಮೊಳ ಉದ್ದ ಹೆಣೆಯಲಿ. ನೀನು ಮಗುವಾಗಿದ್ದಾಗ ನಾನು ತೊಟ್ಟಿಲ ಪಕ್ಕವೇ ಮಲಗುತ್ತಿದ್ದೆ. ಈ ಸಲ ಪಕ್ಕದಲ್ಲಿ ನೀನು ಮಲಗು, ನಿದ್ದೆ ಮಾಡು. ನಾನು ನಿನ್ನ ಆಚೆ ಮಲಗಿರುತ್ತೇನೆ.

ಚಿಕ್ಕಮ್ಮ